ಪರಿಚಯದ ಆಟಕ್ಕೆ ಯಾವ ಪಜಲ್?

ಪ್ರಶ್ನೆ: ನಮ್ಮದು ಶಿವಮೊಗ್ಗದ ಒಂದು ಸಹಕಾರಿ ಸಂಘ. ಎರಡು ಶಾಖೆಗಳು ಒಂದಾದ ಕಾರಣ, ಅಷ್ಟಾಗಿ ಪರಿಚಯವಿಲ್ಲದ 30 ಮಂದಿ ಈಗ ಒಂದೇ ಸೂರಿನಡಿ ಕೆಲಸ ಮಾಡುತ್ತಿದ್ದೇವೆ. ಕೆಲವರು ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದವರು, ಕೆಲವರು ನಿವೃತ್ತಿಯ ಹೊಸ್ತಿಲಲ್ಲಿರುವವರು. ಸಿಬ್ಬಂದಿ ಸಭೆಯ ಮೊದಲ ಒಂದು ಗಂಟೆಯಲ್ಲಿ ಕೈಯಲ್ಲಿ ಹಿಡಿದು ಬಿಡಿಸುವ ಪಜಲ್‌ಗಳನ್ನು ಆಡಿಸುವ ಹೊಣೆ ನನ್ನದು. ಕಳೆದ ವರ್ಷ ರೂಬಿಕ್ಸ್ ಕ್ಯೂಬ್ ಇಟ್ಟಿದ್ದೆವು. ಒಬ್ಬ ಹುಡುಗ ಎರಡು ನಿಮಿಷದಲ್ಲಿ ಬಿಡಿಸಿದ, ಉಳಿದವರು ಚಪ್ಪಾಳೆ ತಟ್ಟಿ ಕಾಫಿ ಕುಡಿಯಲು ಹೊರಟರು. ಈ ಸಲ ಏನನ್ನು ಆರಿಸಲಿ?

ಉತ್ತರ: ಕಳೆದ ವರ್ಷ ನಡೆದುದಕ್ಕೆ ಆ ಹುಡುಗನ ಚುರುಕುತನವನ್ನು ದೂರುವಂತಿಲ್ಲ. ಬುಡಾಪೆಸ್ಟ್‌ನ ಎರ್ನೋ ರೂಬಿಕ್ 1974ರಲ್ಲಿ ರೂಪಿಸಿದ ಆ ಘನ ಒಬ್ಬರ ಎರಡು ಕೈಗಳಿಗಾಗಿಯೇ ಇರುವಂಥದ್ದು. ತಿರುಗಿಸುವ ಕ್ರಮಗಳನ್ನು ಮೊದಲೇ ಕಲಿತವರಿಗೆ ಅದು ಒಲಿಯುತ್ತದೆ, ಕಲಿಯದವರು ಪ್ರೇಕ್ಷಕರಾಗುತ್ತಾರೆ. ಫ್ರೆಂಚ್ ಗಣಿತಜ್ಞ ಎದ್ವಾರ್ ಲ್ಯೂಕಾ 1883ರಲ್ಲಿ ಪರಿಚಯಿಸಿದ ಹನೋಯ್ ಗೋಪುರದ್ದೂ ಇದೇ ಕಥೆ. ಐದು ಬಿಲ್ಲೆಗಳ ಗೋಪುರವನ್ನು 31 ನಡೆಗಳಲ್ಲಿ ಸ್ಥಳಾಂತರಿಸಬಹುದು, ಆದರೆ ಒಮ್ಮೆಗೆ ಒಂದೇ ಬಿಲ್ಲೆಯನ್ನು ಎತ್ತಬೇಕಾದ್ದರಿಂದ ಕೆಲಸ ಸಿಗುವುದು ಒಂದೇ ಕೈಗೆ. ಆದ್ದರಿಂದ ಅಂಗಡಿಯಲ್ಲಿ ಯಾವ ಪಜಲನ್ನು ಕೈಗೆತ್ತಿಕೊಂಡರೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಗುಂಪಿನ ಅತ್ಯಂತ ಜಾಣರು ಉಳಿದವರ ನೆರವಿಲ್ಲದೆ ಇದನ್ನು ಮುಗಿಸಬಲ್ಲರೇ? ಮುಗಿಸಬಲ್ಲರು ಎಂದಾದರೆ ಅದನ್ನು ಅಲ್ಲಿಯೇ ಇಟ್ಟುಬಿಡಿ.

ನಿಮ್ಮ 30 ಮಂದಿಗೆ ನಾನು ಹೇಳುವುದು ಐದು ಚೌಕಗಳ ಆಟವನ್ನು. ಅಲೆಕ್ಸ್ ಬಾವೆಲಾಸ್ ಎಂಬ ಮನಶ್ಶಾಸ್ತ್ರಜ್ಞರು ಗುಂಪಿನ ಸಹಕಾರವನ್ನು ಕಲಿಸುವುದಕ್ಕೆಂದೇ 1973ರಲ್ಲಿ ಇದನ್ನು ಪ್ರಕಟಿಸಿದರು. ಐದು ಜನರ ಗುಂಪಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಲಕೋಟೆ ಕೊಡಲಾಗುತ್ತದೆ. ಐದೂ ಲಕೋಟೆಗಳಲ್ಲಿ ಒಟ್ಟು 15 ರಟ್ಟಿನ ತುಣುಕುಗಳಿದ್ದು, ಕೆಲವರ ಪಾಲಿಗೆ ಎರಡು ಬಂದರೆ ಕೆಲವರ ಪಾಲಿಗೆ ನಾಲ್ಕು ಬಂದಿರುತ್ತವೆ. ಪ್ರತಿಯೊಬ್ಬರ ಮುಂದೆಯೂ ಒಂದೇ ಅಳತೆಯ ಒಂದೊಂದು ಚೌಕ ಸಿದ್ಧವಾದಾಗ ಮಾತ್ರ ಆಟ ಮುಗಿಯುತ್ತದೆ. ಮಾತನಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ, ಇನ್ನೊಬ್ಬರ ತುಣುಕನ್ನು ಕೇಳಿ ಪಡೆಯುವಂತಿಲ್ಲ. ನಿಮ್ಮಲ್ಲಿರುವುದನ್ನು ಬೇರೆಯವರಿಗೆ ಕೊಡುವುದಕ್ಕೆ ಮಾತ್ರ ಅವಕಾಶ.

ಇದರ ಗಂಟು ಇರುವುದು ತುಣುಕುಗಳ ಹೊಂದಿಕೆಯಲ್ಲಿ. ಕೆಲವು ತುಣುಕುಗಳು ಒಂದಕ್ಕಿಂತ ಹೆಚ್ಚು ಚೌಕಗಳಿಗೆ ಒಪ್ಪುವುದರಿಂದ, ಯಾರೋ ಒಬ್ಬರು ಬೇಗನೆ ತಮ್ಮ ಚೌಕವನ್ನು ಪೂರೈಸಿ ಕೈಕಟ್ಟಿ ಕುಳಿತುಬಿಡುತ್ತಾರೆ, ಆದರೆ ಅವರು ಬಳಸಿದ ತುಣುಕಿಲ್ಲದೆ ಉಳಿದ ನಾಲ್ವರ ಕೆಲಸ ಎಂದಿಗೂ ಮುಗಿಯುವುದಿಲ್ಲ. ಅವರು ತಮ್ಮ ಚೌಕವನ್ನು ತಾವಾಗಿಯೇ ಮುರಿಯಬೇಕು. ತರಬೇತಿಗಳಲ್ಲಿ ನಾನು ಕಾದು ನೋಡುವುದು ಈ ಕ್ಷಣವನ್ನೇ. ಹಿರಿಯ ಅಧಿಕಾರಿಗಳಿಗೆ ಇದು ಹೊಳೆಯಲು ಸ್ವಲ್ಪ ಹೆಚ್ಚೇ ಹೊತ್ತು ಬೇಕಾಗುವುದನ್ನು ಹಲವು ಸಲ ಕಂಡಿದ್ದೇನೆ. ಪರಿಚಯದ ಆಟದಲ್ಲಿ ಮೌನವೇಕೆ ಎಂದು ನಿಮಗೆ ಅನ್ನಿಸಬಹುದು. ಮಾತಿಗೆ ಅವಕಾಶ ಕೊಟ್ಟರೆ ಮೊದಲ ನಿಮಿಷದಲ್ಲೇ ಮ್ಯಾನೇಜರ್ ಸೂಚನೆ ಕೊಡತೊಡಗುತ್ತಾರೆ, ಹೊಸಬರು ತಲೆಯಾಡಿಸುತ್ತಾರೆ. ಇಪ್ಪತ್ತು ನಿಮಿಷ ತಡೆಹಿಡಿದ ಮಾತು ಆಟ ಮುಗಿದ ಕೂಡಲೇ ತಾನಾಗಿ ಹೊರಬರುತ್ತದೆ: 'ಆ ತ್ರಿಕೋನವನ್ನು ನೀವು ಯಾಕೆ ಬಿಟ್ಟುಕೊಡಲಿಲ್ಲ ಮಾರಾಯ್ರೇ?' ಎಂದು. ಈ ಮಾತಿಗೆ ಕನಿಷ್ಠ 15 ನಿಮಿಷ ಉಳಿಸಿಕೊಳ್ಳಿ.

ತಯಾರಿ ಕಷ್ಟವಲ್ಲ. ದಪ್ಪ ರಟ್ಟಿನಲ್ಲಿ 6 ಇಂಚಿನ ಚೌಕಗಳನ್ನು ಮಾಡಿ, ಮೂಲೆಗಳಿಂದ ಮತ್ತು ಅಂಚಿನ ನಡುವಿನ 3 ಇಂಚಿನ ಗುರುತುಗಳಿಂದಲೇ ಗೆರೆ ಎಳೆದು ಕತ್ತರಿಸಿದರೆ, ಬೇರೆ ಬೇರೆ ಚೌಕಗಳಲ್ಲಿ ಒಂದೇ ಅಳತೆಯ ತುಣುಕುಗಳು ಸಿಗುತ್ತವೆ. ಆರು ಗುಂಪುಗಳಿಗೆ 90 ತುಣುಕುಗಳು ಬೇಕು. ಎಲ್ಲವೂ ಒಂದೇ ಬಣ್ಣದವಾಗಿರಲಿ, ಇಲ್ಲವಾದರೆ ಬಣ್ಣವೇ ಗುಟ್ಟು ಬಿಟ್ಟುಕೊಡುತ್ತದೆ. ಸಭೆಗೆ ಮುನ್ನ ಮನೆಯವರೊಂದಿಗೆ ಒಮ್ಮೆ ಆಡಿ ನೋಡಿ. ಒಂದು ತುಣುಕು ತಪ್ಪಿದ್ದರೂ ಐದು ಜನ ಬಿಡಿಸಲಾಗದ ಪಜಲಿನ ಮುಂದೆ ಕುಳಿತಿರುತ್ತಾರೆ.

ಗುಂಪನ್ನು ಐದಕ್ಕಿಂತ ದೊಡ್ಡದು ಮಾಡಬೇಡಿ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ 1913ರಲ್ಲಿ ಪ್ರಕಟಿಸಿದ ಹಗ್ಗ ಎಳೆಯುವ ಪ್ರಯೋಗಗಳಲ್ಲಿ, ಎಂಟು ಜನ ಸೇರಿ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದೇ ಹೊತ್ತಿಗೆ ಎಳೆಯಲಾಗದ ತೊಡಕೂ ಇದಕ್ಕೆ ಕಾರಣ, ಬೇರೆಯವರು ಎಳೆಯುತ್ತಾರೆ ಬಿಡು ಎಂಬ ಮನೋಭಾವವೂ ಕಾರಣ. ಮೇಜಿನ ಸುತ್ತಲೂ ಹೀಗೆಯೇ ಆಗುತ್ತದೆ.

ಮೊದಲ ಹತ್ತು ನಿಮಿಷದ ಸಂಕೋಚ ಕಳೆಯಲು ಟ್ಯಾಂಗ್ರಾಮ್ ಸಾಕು. ಚೀನಾದಿಂದ ಬಂದ ಈ ಪಜಲಿನಲ್ಲಿ ಐದು ತ್ರಿಕೋನ, ಒಂದು ಚೌಕ, ಒಂದು ಸಮಾಂತರ ಚತುರ್ಭುಜ ಹೀಗೆ ಏಳು ತುಣುಕುಗಳಿವೆ. ಇಬ್ಬರನ್ನು ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ಒಬ್ಬರು ಚಿತ್ರವನ್ನು ನೋಡಿ ಬಾಯಿಮಾತಿನಲ್ಲಿ ವಿವರಿಸಲಿ, ಇನ್ನೊಬ್ಬರು ಜೋಡಿಸಲಿ. ಸಮಾಂತರ ಚತುರ್ಭುಜವೊಂದನ್ನು ಮಾತ್ರ ಮಗುಚಿ ಹಾಕಿದರೆ ಆಕಾರ ಬದಲಾಗುವುದರಿಂದ ಬಹುತೇಕ ಜೋಡಿಗಳು ಅಲ್ಲಿಯೇ ಎಡವಿ ನಗುತ್ತವೆ. ಜಿಗ್‌ಸಾ ಬೇಕೆನಿಸಿದರೆ 100 ತುಣುಕುಗಳದ್ದು ಸಾಕು, ತಲಾ 20 ಹಂಚಿ, ಅವರವರ ತುಣುಕನ್ನು ಅವರೇ ಇಡಬೇಕೆಂಬ ನಿಯಮ ಮಾಡಿ. 500ರದ್ದು ಆ ಒಂದು ಗಂಟೆಯಲ್ಲಿ ಮುಗಿಯುವುದಿಲ್ಲ. ಬಹುಮಾನ ಇಡಬೇಡಿ. ಮ್ಯಾನೇಜರನ್ನು ತೀರ್ಪುಗಾರರನ್ನಾಗಿ ಮಾಡದೆ ಯಾವುದಾದರೊಂದು ಗುಂಪಿನಲ್ಲಿ ಕೂರಿಸಿ.

ಪ್ರಶ್ನೆ: ನಮ್ಮ ತಂಡದ ಒಬ್ಬ ಸಹೋದ್ಯೋಗಿಗೆ ದೃಷ್ಟಿ ತೀರ ಮಂದ. ಇಂತಹ ಆಟಗಳಲ್ಲಿ ಅವರನ್ನು ಹೇಗೆ ಸೇರಿಸಿಕೊಳ್ಳುವುದು?

ಉತ್ತರ: ಮೇಲೆ ಹೇಳಿದ ಐದು ಚೌಕಗಳ ಆಟ ಅವರಿಗೆ ಅನ್ಯಾಯ ಮಾಡುತ್ತದೆ, ಏಕೆಂದರೆ ಮೌನದಲ್ಲಿ ಎದುರಿನವರ ಕೊರತೆಯನ್ನು ಕಣ್ಣಿನಿಂದಲೇ ಅರಿಯಬೇಕು. ಅದರ ಬದಲು ಡೆನ್ಮಾರ್ಕ್‌ನ ಪೀಟ್ ಹೈನ್ ರೂಪಿಸಿದ ಸೋಮಾ ಘನವನ್ನು ತೆಗೆದುಕೊಳ್ಳಿ. ಮರದ 27 ಸಣ್ಣ ಘನಗಳನ್ನು ಅಂಟಿಸಿ ಮಾಡಿದ ಏಳು ತುಣುಕುಗಳು ಸೇರಿ ಒಂದು ದೊಡ್ಡ ಘನವಾಗಬೇಕು. ಜೋಡಿಸುವ ದಾರಿಗಳು 240 ಇರುವುದರಿಂದ 'ನನ್ನದೇ ಸರಿ' ಎಂಬ ವಾದಕ್ಕೆ ಜಾಗವಿಲ್ಲ. ಪ್ರತಿ ತುಣುಕಿನ ಆಕಾರವೂ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಸಣ್ಣ ಘನದ ಬದಿ 3 ಸೆಂಟಿಮೀಟರ್ ಇರುವಂತೆ ಬಡಗಿಯಿಂದ ಮಾಡಿಸಿಕೊಂಡರೆ ಹಿಡಿಯಲು ಅನುಕೂಲ, ಅಂಚಿರುವ ತಟ್ಟೆಯಲ್ಲಿ ಇಟ್ಟರೆ ತುಣುಕುಗಳು ಜಾರಿ ಬೀಳುವುದಿಲ್ಲ. ಸಮಾನತೆಯ ಹೆಸರಿನಲ್ಲಿ ಉಳಿದವರ ಕಣ್ಣಿಗೆ ಬಟ್ಟೆ ಕಟ್ಟುವುದನ್ನು ಕೆಲವರು ಮಾಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ, ಅದರಿಂದ ಎಲ್ಲರ ಗಮನವೂ ಅವರ ಕಣ್ಣಿನ ಮೇಲೆಯೇ ನಿಲ್ಲುತ್ತದೆ. ಆಟದ ಹಿಂದಿನ ದಿನ ತುಣುಕುಗಳನ್ನು ಅವರ ಕೈಗೆ ಕೊಟ್ಟು, ಇದು ಆಡಲು ಇಷ್ಟವೇ ಎಂದು ಅವರನ್ನೇ ಕೇಳಿ.