ಡಿಸ್ಕ್ ಆಪರೇಷನ್ ಮಾಡಿಸಿದರೆ ಕಾಲು ಹೋಗುತ್ತದಾ?

ಕುಮಟಾದಿಂದ ಕೇಳಿದ್ದೀರಿ. ಅಮ್ಮನಿಗೆ 54 ವರ್ಷ, ಎಂಟು ವಾರದಿಂದ ಸೊಂಟದಿಂದ ಪಾದದವರೆಗೆ ಸೆಳೆತ, ಎಂಆರ್‌ಐನಲ್ಲಿ ಎಲ್4–ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಜಾರಿದೆ ಅಂತ ಬಂದಿದೆ. ಡಾಕ್ಟರು ಆಪರೇಷನ್ ಅಂದಿದ್ದಾರೆ, ನೆಂಟರೆಲ್ಲ ‘ಬೆನ್ನಿಗೆ ಕತ್ತಿ ಹಾಕಿಸಿದರೆ ಹಾಸಿಗೆಯೇ ಗತಿ’ ಅಂತ ಹೆದರಿಸುತ್ತಿದ್ದಾರೆ. ನಾನು ಡಾಕ್ಟರಲ್ಲ, ಶಿರಸಿ ಕಡೆಯ ಅಡಿಕೆ ತೋಟದವನು. ಇದೇ ಜಾಗಕ್ಕೆ ಆಪರೇಷನ್ ಮಾಡಿಸಿಕೊಂಡು ಐದು ವರ್ಷವಾಯಿತು.

ನೆಂಟರ ಮಾತು ನನ್ನನ್ನೂ ಹೆದರಿಸಿತ್ತು. ಆದರೆ ಮಿದುಳಿನಿಂದ ಇಳಿದು ಬರುವ ಬೆನ್ನುಹುರಿ ಅಷ್ಟು ಕೆಳಗೆ ಬರುವುದೇ ಇಲ್ಲ, ದೊಡ್ಡವರಲ್ಲಿ ಎಲ್1–ಎಲ್2 ಹತ್ತಿರ ಮುಗಿದುಬಿಡುತ್ತದೆ. ಅಲ್ಲಿಂದ ಕೆಳಗಿರುವುದು ಬಿಡಿಬಿಡಿ ನರಗಳ ಗೊಂಚಲು. ಸೋಂಕು, ನರಕ್ಕೆ ಪೆಟ್ಟು, ನರದ ಹೊದಿಕೆ ಹರಿಯುವುದು ಇವೆಲ್ಲ ಆಗುವ ಸಾಧ್ಯತೆ ಇದೆ, ಅದನ್ನು ಡಾಕ್ಟರ ಹತ್ತಿರ ಕೇಳಲೇಬೇಕು. ಕಾಲೇ ಹೋಗುವುದು ಮಾತ್ರ ಬಹಳ ಅಪರೂಪ. ನನ್ನ ಕಾಲಿಗೆ ಅಪಾಯ ತಂದಿದ್ದು ಆಪರೇಷನ್ನಲ್ಲ, ನಾನು ಮಾಡಿದ ತಡ.

ಸೊಪ್ಪಿನ ಹೊರೆ ಎತ್ತುವಾಗ ಸೊಂಟ ಹಿಡಿದಿತ್ತು. ಎಣ್ಣೆ ತಿಕ್ಕಿಸಿದೆ, ಪಟ್ಟು ಹಾಕಿಸಿದೆ. ಒಬ್ಬರು ‘ಕೂರಿಸಿ ಕೊಡುತ್ತೇನೆ’ ಅಂತ ಸೊಂಟ ತಿರುಚಿದರು, ಆ ರಾತ್ರಿ ಮಗ್ಗುಲು ಬದಲಿಸಲೂ ಆಗಲಿಲ್ಲ. ಆಮೇಲೊಂದು ವಾರಕ್ಕೆ ನೋವು ಸ್ವಲ್ಪ ತಗ್ಗಿತು, ಗುಣವಾಯಿತು ಅಂದುಕೊಂಡೆ. ತೋಟದ ಸಂಕ ದಾಟಿ ಬರುತ್ತಿದ್ದಾಗ ಹಿಂದಿದ್ದ ಹೆಂಡತಿ, ‘ಚಪ್ಪಲಿ ಅಲ್ಲೇ ಬಿತ್ತಲ್ಲ’ ಅಂದಳು. ಎಡಗಾಲಿನ ಹವಾಯಿ ಚಪ್ಪಲಿ ಕಳಚಿ ಬಿದ್ದಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ನ್ಯೂರೋಸರ್ಜನ್ ನನ್ನ ಫಿಲ್ಮ್ ನೋಡುವ ಮೊದಲು ಕಾಲು ನೋಡಿದರು. ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು ‘ಮೇಲಕ್ಕೆತ್ತಿ’ ಅಂದರು. ಬಲಗಾಲಿನದು ಅವರ ಬೆರಳನ್ನು ತಳ್ಳಿತು. ಎಡಗಾಲಿನದು ಅಷ್ಟೇ ಭಾರಕ್ಕೆ ಸೋತು ಮಲಗಿತು. ಎಲ್4–ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ನರವನ್ನು, ಪಾದ ಎತ್ತುವ ಶಕ್ತಿ ಆ ನರದ್ದು. ‘ನೋವು ಕಾಯುತ್ತದೆ, ಈ ಬೆರಳು ಕಾಯುವುದಿಲ್ಲ’ ಅಂದರು.

ಹಾಗಾಗಿ ನಿಮ್ಮ ಅಮ್ಮನಿಗೆ ಬರೀ ನೋವಾ, ಶಕ್ತಿಯೂ ಕುಂದಿದೆಯಾ ಅನ್ನುವುದೇ ಮುಖ್ಯ. ಬರೀ ನೋವಾದರೆ ಯೋಚಿಸಲು ಸಮಯವಿದೆ. 2007ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, 6ರಿಂದ 12 ವಾರ ಕಾಲು ಸೆಳೆತವಿದ್ದ 283 ಜನರಲ್ಲಿ ಕೆಲವರಿಗೆ ಬೇಗ ಆಪರೇಷನ್, ಉಳಿದವರಿಗೆ ಕಾಯುವುದು ಅಂತ ಹಂಚಿದ್ದರು. ಬೇಗ ಮಾಡಿಸಿಕೊಂಡವರ ನೋವು ಬೇಗ ಹೋಯಿತು, ಆದರೆ ವರ್ಷ ತುಂಬುವಾಗ ಎರಡೂ ಕಡೆ 95 ಶೇಕಡಾ ಜನ ಚೇತರಿಸಿದ್ದರು. ಕಾದವರಲ್ಲೂ 39 ಶೇಕಡಾ ಜನ ಆ ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು ಅನ್ನುವುದನ್ನೂ ಹೇಳಬೇಕು. ಶಕ್ತಿ ಕುಂದುತ್ತಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ, ಬೇಗ ಮಾಡಿಸಿ.

ಆಪರೇಷನ್ ಹೆಸರು ಮೈಕ್ರೋಡಿಸ್ಕೆಕ್ಟಮಿ. ಹಿಂದೆಲ್ಲ ದೊಡ್ಡದಾಗಿ ಕೊಯ್ಯುತ್ತಿದ್ದರು, ನೆಂಟರ ಹೆದರಿಕೆ ಆ ಕಾಲದ್ದಿರಬೇಕು. ಮೈಕ್ರೋಸ್ಕೋಪ್ ಹಿಡಿದು ಮಾಡುವ ಪದ್ಧತಿ 1970ರ ದಶಕದಲ್ಲೇ ಬಂತು. ಈಗ ಎರಡು ಮೂರು ಸೆಂಟಿಮೀಟರ್ ಗಾಯ, ನರದ ಮೇಲೆ ಕೂತ ಡಿಸ್ಕ್ ಚೂರನ್ನಷ್ಟೇ ತೆಗೆಯುತ್ತಾರೆ, ಇಡೀ ಡಿಸ್ಕ್ ಅಲ್ಲ. ಮಾರನೆಯ ದಿನ ನನ್ನನ್ನು ವಾರ್ಡಿನಲ್ಲಿ ನಡೆಸಿದರು. ರಾಡು, ಸ್ಕ್ರೂ ಹಾಕಬೇಕು ಅಂದರೆ ಯಾಕೆ ಅಂತ ಕೇಳಿ. ಮೊದಲ ಸಲ ಜಾರಿದ ಡಿಸ್ಕಿಗೆ, ಮೂಳೆ ಅಲುಗಾಡದಿದ್ದರೆ, ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಹಾಗೆ ಹೇಳಿದರೆ ಇನ್ನೊಬ್ಬ ಸರ್ಜನ್ ಹತ್ತಿರವೂ ತೋರಿಸಿ.

ಇದು ಕಾಲಿನ ಸೆಳೆತಕ್ಕೆ ಮಾಡುವ ಆಪರೇಷನ್, ಬೆನ್ನುನೋವು ಪೂರ್ತಿ ಹೋಗದೇ ಇರಬಹುದು. ನನ್ನ ಸೆಳೆತ ಎಚ್ಚರವಾದಾಗಲೇ ಇರಲಿಲ್ಲ, ಹೆಬ್ಬೆರಳಿಗೆ ಬಲ ಬರಲು ಏಳು ತಿಂಗಳು ಹಿಡಿಯಿತು. ಪಾದದ ಮೇಲ್ಭಾಗದ ಜೋಮು ಇವತ್ತಿಗೂ ಇದೆ. ಡಿಸ್ಕ್ ಮತ್ತೆ ಜಾರುವುದೂ ಉಂಟು, ಭಾರ ಎತ್ತುವ ಕೆಲಸ ನಾನು ಬಿಟ್ಟಿದ್ದೇನೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಇವತ್ತು ಸಂಜೆ ಅಮ್ಮನ ಕೈ ಹಿಡಿದು ಜಗಲಿಯಲ್ಲಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸಿ. ಒಂದು ಪಾದ ಮೇಲೇಳದೆ ಸೋತರೆ ನಾಳೆಯೇ ಡಾಕ್ಟರಿಗೆ ತಿಳಿಸಿ. ಇನ್ನೊಂದು ವಿಷಯ ಅಮ್ಮಂದಿರು ಮಕ್ಕಳ ಹತ್ತಿರ ಬಾಯಿಬಿಡುವುದಿಲ್ಲ, ಮನೆಯ ಹೆಂಗಸರಿಂದ ಕೇಳಿಸಿ: ಮೂತ್ರ ಕಟ್ಟುತ್ತಿದೆಯಾ, ಗೊತ್ತಾಗದೆ ಹೋಗುತ್ತಿದೆಯಾ, ಕೂತಾಗ ತಾಗುವ ಜಾಗದಲ್ಲಿ ಜೋಮು ಹಿಡಿದಿದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಅದು ತುರ್ತು, ಗಂಟೆಗಳ ಲೆಕ್ಕ. ನಮ್ಮ ಜಿಲ್ಲೆಯವರು ಇಂಥದ್ದಕ್ಕೆ ಹೆಚ್ಚಾಗಿ ಹೋಗುವುದು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾಕ್ಕೆ. ರಾತ್ರಿಯಲ್ಲಿ ನ್ಯೂರೋಸರ್ಜನ್ ಮತ್ತು ಎಂಆರ್‌ಐ ಎರಡೂ ಸಿಗುತ್ತದಾ ಅಂತ ಫೋನ್ ಮಾಡಿ ಕೇಳಿಕೊಳ್ಳುತ್ತಲೇ ಗಾಡಿ ಹತ್ತಿಸಿ, ಬೆಳಗಾಗಲಿ ಅಂತ ಕಾಯಬೇಡಿ.