ಪೆನ್ಸಿಲ್ ಗೆರೆಗೆ ಎರಡು ಪುಟ ಯಾಕೆ ಅಂದ್ರೆ

ಸಾರ್, ಹೋದ ಸಂಚಿಕೇಲಿ ಹಾಕಿದ್ದ, ಇಂಗ್ಲಿಷ್ ಚಿತ್ರಕಾರ ವಿಲಿಯಂ ಡೇನಿಯಲ್ ಪೆನ್ಸಿಲಲ್ಲಿ ಬರೆದ, ಚೀನಾದ ಕ್ಯಾಂಟನ್ (ಈಗಿನ ಗುವಾಂಗ್‌ಝೌ) ಬಂದರಿನ ಕೋಠಿಗಳ, ಅಂದ್ರೆ ವಿದೇಶಿ ವ್ಯಾಪಾರಿಗಳ ಕಟ್ಟಡಗಳ, ಡ್ರಾಯಿಂಗ್ ನೋಡಿ "ಅರ್ಧಂಬರ್ಧ ಗೆರೆಗೆ ಎರಡು ಪುಟ ದಂಡ, ಇದೇ ಡೇನಿಯಲ್ಲಂದು ಬಣ್ಣದ ಪೇಂಟಿಂಗ್ ಇದ್ಯಲ್ಲ, ಬಂದರು ಅಂತೀರಿ ಒಂದು ಹಡಗೂ ಇಲ್ಲ" ಅಂತ ಬರೆದಿದ್ದೀರಿ. ಬೈದಿದ್ದಕ್ಕೆ ಬೇಜಾರಿಲ್ಲ, ಆದ್ರೆ ನಾನು ಒಪ್ಪಲ್ಲ.

ಹಡಗಿನ ವಿಷಯ ಮೊದಲು ಮುಗಿಸ್ಬಿಡ್ತೀನಿ. ವಿದೇಶಿ ದೊಡ್ಡ ಹಡಗುಗಳು ಕ್ಯಾಂಟನ್ ತನಕ ಬರ್ತಾನೇ ಇರ್ಲಿಲ್ಲ, ಸುಮಾರು 20 ಕಿಲೋಮೀಟರ್ ಕೆಳಗೆ ವಾಂಪೋವಾದಲ್ಲೇ ಲಂಗರು, ಅಲ್ಲಿಂದ ಮುಂದೆ ಬಾಂಬೆಯಿಂದ ತಂದ ಹತ್ತಿ ಮೂಟೆ ಹೋಗೋದೂ ಚಹಾ ಪೆಟ್ಟಿಗೆ ಬರೋದೂ ಎಲ್ಲ ಸಣ್ಣ ದೋಣೀಲಿ. ಹಾಗಾಗಿ ಕೋಠಿಗಳ ಮುಂದೆ ದೋಣಿ ಮಾತ್ರ ಇರೋದು ಸರಿಯಾಗೇ ಇದೆ.

ಈಗ ಅಸಲಿ ವಿಷಯ. ವಿಲಿಯಂ ಡೇನಿಯಲ್ ಚಿಕ್ಕಪ್ಪ ಥಾಮಸ್ ಜೊತೆ 1785ರಲ್ಲಿ ಕ್ಯಾಂಟನ್‌ಗೆ ಹೋದಾಗ ಹದಿನಾರರ ಹುಡುಗ, ಆಮೇಲೆ ಇಬ್ರೂ ಇಂಡಿಯಾ ಸುತ್ತಿದ್ರು (1792ರಲ್ಲಿ, ಮೂರನೇ ಮೈಸೂರು ಯುದ್ಧ ಆಗಷ್ಟೇ ಮುಗಿದಿದ್ದಾಗ, ನಮ್ಮ ಬೆಂಗಳೂರು ಕಡೆನೂ ಬಂದು ಹೋದೋರು), ವಾಪಸ್ ಹೋಗುವಾಗ ಮತ್ತೆ ಚೀನಾ ಮುಟ್ಟಿ 1794ರಲ್ಲಿ ಇಂಗ್ಲೆಂಡ್ ಸೇರಿದ್ರು. ನೀವು ಕೇಳಿದ ಆಯಿಲ್ ಪೇಂಟಿಂಗ್ ಬರೆದಿದ್ದು 1805ರ ಆಸುಪಾಸು, ಇಂಗ್ಲೆಂಡಲ್ಲಿ ಕೂತು! ಹತ್ತು ವರ್ಷದ ಮೇಲೆ ಆ ನದಿ ಬಣ್ಣ, ಆಕಾಶ ಎಷ್ಟು ನೆನಪಿರುತ್ತೆ ಹೇಳಿ. ಕೈಲಿ ಉಳಿದಿದ್ದು ಅಲ್ಲಿ ಮಾಡ್ಕೊಂಡ ಸ್ಕೆಚ್‌ಗಳೇ. ಯಾವ ಕಟ್ಟಡದ ಪಕ್ಕ ಯಾವುದು, ವರಾಂಡಾ ಎಲ್ಲಿ, ಬಾವುಟದ ಕಂಬ ಎಲ್ಲಿ, ಇದಕ್ಕೆಲ್ಲ ನಾನು ಪೆನ್ಸಿಲ್ಲನ್ನೇ ನಂಬ್ತೀನಿ, ಮಿಕ್ಕಿದ್ದು ಗೋಡೆಗೆ ತೂಗುಹಾಕೋಕೆ ಚೆನ್ನಾಗಿ ಕಾಣ್ಲಿ ಅಂತ ಸೇರಿಸಿದ್ದೂ ಇರಬಹುದು.

ಇನ್ನೊಂದು, ಆ ಕಟ್ಟಡಗಳನ್ನ ಹೋಗಿ ನೋಡೋಣ ಅಂದ್ರೂ ಆಗಲ್ಲ. 1757ರಿಂದ ಚೀನಾದಲ್ಲಿ ಯುರೋಪಿನ ಹಡಗುಗಳಿಗೆ ತೆರೆದಿದ್ದು ಕ್ಯಾಂಟನ್ ಒಂದೇ, ಅದೂ ಊರ ಗೋಡೆ ಹೊರಗೆ ಹೊಳೆ ದಂಡೇಲಿ ಕೋಠಿಗಳ ಒಂದೇ ಸಾಲು, ಕೆಳಗೆ ಗೋಡೌನು ಮೇಲೆ ವಾಸ, ಹೆಂಡತೀನ ಕರ್ಕೊಂಡು ಬರೋ ಹಾಗಿರ್ಲಿಲ್ಲ, ವ್ಯಾಪಾರದ ಸೀಸನ್ ಮುಗಿದ್ರೆ ಪೋರ್ಚುಗೀಸರ ಕೈಲಿದ್ದ ಮಕಾವ್‌ಗೆ ಹೊರಡಬೇಕಿತ್ತು. 1822ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ರು, 1856ರಲ್ಲಿ ಪೂರ್ತಿ ಹೋಯ್ತು. ಅಂದ್ರೆ ಡೇನಿಯಲ್ ನೋಡಿದ ಸಾಲು 1822ರ ಬೆಂಕಿಗೂ ಮುಂಚಿಂದು.

ಪೇಂಟಿಂಗ್ ಮುಂದಿನ ಸಂಚಿಕೇಲಿ ಹಾಕ್ತೀವಿ. ಅರ್ಧ ಪುಟ ಮಾತ್ರ.