ನೆಟ್ ಜೋರಾದರೆ ತೊಟ್ಟಿಲು ಖಾಲಿಯಾ?

"ನೆಟ್ ವೇಗ ಇರುವ ದೇಶಗಳಲ್ಲಿ ಮಕ್ಕಳು ಕಡಿಮೆ. ಹಾಗಾದರೆ ಜನನ ಇಳಿಯಲು ಇಂಟರ್ನೆಟ್ಟೇ ಕಾರಣವಾ?" ಅಂತ ಕೇಳಿದ್ದೀರಿ.

ನಾನಿರೋದು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ. ಮನೆಯೊಳಗೆ ಸಿಗ್ನಲ್ ಇಲ್ಲ, ಇದನ್ನು ಬರೆಯೋಕೂ ಗೇಟಿನ ತನಕ ಬಂದು ನಿಂತಿದ್ದೇನೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಮೂರ್ನಾಲ್ಕು ದಿನ ಕತ್ತಲು, ಬ್ಯಾಟರಿ ಮುಗಿದ ಮೇಲೆ ಟವರೂ ಸತ್ತ ಹಾಗೆಯೇ. ನಿಮ್ಮ ಲೆಕ್ಕ ಸರಿಯಿದ್ದರೆ ನಮ್ಮಲ್ಲಿ ಮನೆ ತುಂಬ ಮಕ್ಕಳಿರಬೇಕಿತ್ತು! ಆದರೆ 2001ರಿಂದ 2011ರವರೆಗೆ ಕೊಡಗಿನ ಜನಸಂಖ್ಯೆ ಏರಿದ್ದು ಶೇ. 1ರಷ್ಟು, ಇಡೀ ರಾಜ್ಯದ್ದು ಶೇ. 15ಕ್ಕೂ ಹೆಚ್ಚು. (ಮೈಸೂರು, ಬೆಂಗಳೂರಿಗೆ ಜನ ಹೋದದ್ದೂ ಇದಕ್ಕೆ ಒಂದು ಕಾರಣ, ಪೂರ್ತಿ ಹುಟ್ಟಿನ ಲೆಕ್ಕ ಅಲ್ಲ.)

ಇಸವಿಗಳನ್ನು ಜೋಡಿಸಿ ನೋಡಿ. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳಾಗಬೇಕು. ದಕ್ಷಿಣ ಕೊರಿಯಾ ಅದಕ್ಕಿಂತ ಕೆಳಗಿಳಿದದ್ದು 1983ರಲ್ಲಿ, ಅಲ್ಲಿನ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1994ರಲ್ಲಿ. ಜಪಾನ್ ಇಳಿದದ್ದು 1970ರ ದಶಕದಲ್ಲೇ. ಕರ್ನಾಟಕ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೇ 2.1ಕ್ಕೆ ಬಂದಿತ್ತು; ಜಿಯೋದಿಂದ ಡೇಟಾ ಅಗ್ಗವಾದದ್ದು 2016ರಲ್ಲಿ. 2019-21ರ ಸಮೀಕ್ಷೆಯಲ್ಲಿ ಅದು 1.7ಕ್ಕೆ ಇಳಿದದ್ದಕ್ಕೆ ರೀಲ್ಸ್ ಮೇಲೆ ಗೂಬೆ ಕೂರಿಸೋದು ಹೇಗೆ? ಇಸ್ರೇಲ್‌ನಲ್ಲಂತೂ ನೆಟ್ಟೂ ಚೆನ್ನಾಗಿದೆ, ಮಕ್ಕಳೂ ಮೂರರ ಹತ್ತಿರ.

ಹೆಣ್ಣುಮಕ್ಕಳ ಓದು, ದುಡ್ಡು, ಪಟ್ಟಣದ ಬದುಕು ಬಂದ ಕಡೆ ಕೇಬಲ್ಲೂ ಬರುತ್ತೆ, ಸಂಸಾರವೂ ಚಿಕ್ಕದಾಗುತ್ತೆ. ಒಂದೇ ಬೇರಿನ ಎರಡು ಕೊಂಬೆ, ಅಷ್ಟೇ.

ಹಾಗಂತ ನೆಟ್‌ಗೆ ಏನೂ ಪಾತ್ರ ಇಲ್ಲ ಅನ್ನಲ್ಲ. ಅಮೆರಿಕದಲ್ಲಿ ಬ್ರಾಡ್‌ಬ್ಯಾಂಡ್ ಹಬ್ಬಿದಂತೆ ಹದಿಹರೆಯದ ಹುಡುಗಿಯರಿಗೆ ಮಕ್ಕಳಾಗೋದು ಒಂದಿಷ್ಟು ಇಳಿಯಿತು ಅಂತ ಅಧ್ಯಯನ ಇದೆ. ಜರ್ಮನಿಯ ಅಧ್ಯಯನ ತದ್ವಿರುದ್ಧ: ಹೆಚ್ಚು ಓದಿದ ಹೆಂಗಸರಿಗೆ ಮಕ್ಕಳು ಸ್ವಲ್ಪ ಜಾಸ್ತಿಯೇ ಆದವು, ಯಾಕಂದರೆ ಮನೆಯಿಂದಲೇ ಕೆಲಸ ಮಾಡೋಕೆ ಸಾಧ್ಯವಾಯಿತು. ನನಗೆ ಹೆಚ್ಚು ಹಿಡಿಸಿದ್ದು ಇದೇ.

ನನ್ನ ಅಮ್ಮನ ಜೊತೆ ಹುಟ್ಟಿದವರು ಆರು ಜನ, ನಾವು ಇಬ್ಬರು, ಬೆಂಗಳೂರಿನ ತಂಗಿಗೆ ಒಬ್ಬಳೇ ಮಗಳು. ಇನ್ನೊಂದು ಬೇಡವಾ ಅಂದರೆ ಅವಳು ಬಾಡಿಗೆ, ಸ್ಕೂಲ್ ಫೀಸು, ಮಗು ನೋಡಿಕೊಳ್ಳೋರು ಯಾರು ಅಂತ ಶುರುಮಾಡ್ತಾಳೆ. ಊರಿಗೆ ಬಂದು ಇಲ್ಲಿಂದಲೇ ಕೆಲಸ ಮಾಡು, ಮಗೂನ ನಾನು ನೋಡ್ಕೋತೀನಿ ಅಂತ ಅಮ್ಮ ಹೇಳಿದ್ದೂ ಆಯ್ತು. ಬಂದಳು, ಹೋದ ಜುಲೈನಲ್ಲಿ. ಎರಡನೇ ದಿನ ಕರೆಂಟ್ ಹೋಯ್ತು, ನಾಲ್ಕನೇ ದಿನ ಬಸ್ ಹತ್ತಿದಳು.